ಸ್ಟ್ರೋಕ್ ಆದವರು ಚೇತರಿಸಿಕೊಳ್ಳದಿದ್ದರೆ ಅದನ್ನು ವೈದ್ಯರ ನಿರ್ಲಕ್ಷ್ಯ ಅನ್ನಬಹುದಾ?

ಚೇತರಿಸಿಕೊಳ್ಳಲಿಲ್ಲ ಅನ್ನೋದಷ್ಟೇ ಸಾಲದು. ನುರಿತ ವೈದ್ಯರು ಮಾಡಲೇಬೇಕಾದ್ದನ್ನು ಮಾಡದೆ, ಅದರಿಂದಲೇ ಹಾನಿಯಾಗಿದ್ದರೆ ಅದು ನಿರ್ಲಕ್ಷ್ಯ.

ಇಲ್ಲಿ ಎಲ್ಲವೂ ಸಮಯದ ಮೇಲೆ ನಿಂತಿದೆ. ಮೆದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಬೀಳಬೇಕು. ಅದಕ್ಕೂ ಮುಂಚೆ ಸ್ಕ್ಯಾನ್ ಬೇಕೇ ಬೇಕು. ಮೆದುಳಲ್ಲಿ ರಕ್ತಸ್ರಾವ ಆಗಿದ್ದರೆ ಅದೇ ಇಂಜೆಕ್ಷನ್ ಜೀವಕ್ಕೆ ಕುತ್ತು. ಹಾಗಾಗಿ ಸ್ಕ್ಯಾನ್ ಮುಗಿಯುವವರೆಗೆ ಕಾದದ್ದು ತಪ್ಪಲ್ಲ.

ನನಗೆ ಜಾಸ್ತಿ ಸಂಕಟವಾಗೋದು ಇನ್ನೊಂದಕ್ಕೆ. ಹತ್ತು ನಿಮಿಷ ಬಾಯಿ ಸೊಟ್ಟಗಾಗಿ, ಕೈಯಿಂದ ಲೋಟ ಜಾರಿ, ಆಮೇಲೆ ಸರಿಹೋದವರನ್ನು 'ಸುಸ್ತು ಅಷ್ಟೇ' ಅಂತ ಸುಮ್ನೆ ಮನೆಗೆ ಕಳಿಸೋದು. ಅದು ದೊಡ್ಡ ಸ್ಟ್ರೋಕ್‌ನ ಮುನ್ಸೂಚನೆ ಆಗಿರಬಹುದು. ಮುಂದಿನ ಎರಡು ದಿನವೇ ಅಪಾಯ ಜಾಸ್ತಿ.

ಅನುಮಾನ ಇದ್ದರೆ ಕೇಸ್ ಶೀಟ್ ಪ್ರತಿ ಕೇಳಿ. ಬಂದ ಸಮಯ, ಸ್ಕ್ಯಾನ್ ಸಮಯ ಮೊದಲು ನೋಡಿ.