ಏಡ್ ನಿಂತಾಗ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

ಚೇತನ್‌ಗೆ 19 ವರ್ಷ. ನ್ಯೂಜೆರ್ಸಿಯ ಒಂದು ಕಾಲೇಜಿನಲ್ಲಿ ಮೊದಲ ವರ್ಷ ಮುಗಿಸಿದ್ದ. ದೊಡ್ಡಪ್ಪ ಸ್ಪಾನ್ಸರ್ ಮಾಡಿ ಹಾಸನದ ಕಡೆಯಿಂದ ಕರೆಸಿಕೊಂಡ ಕುಟುಂಬ. ಎಲ್ಲರಿಗೂ ಗ್ರೀನ್ ಕಾರ್ಡ್ ಇದೆ, ಅಪ್ಪನದು ಅಂಗಡಿ ಕೆಲಸ. ಹಾಗಾಗಿ ಇವನಿಗೆ ಸರ್ಕಾರದ ಪೆಲ್ ಗ್ರಾಂಟ್ (ಕಡಿಮೆ ಆದಾಯದ ಮನೆಯ ವಿದ್ಯಾರ್ಥಿಗಳಿಗೆ ಕೊಡುವ ಧನಸಹಾಯ) ಸಿಗುತ್ತಿತ್ತು. ಜೂನ್‌ನಲ್ಲಿ ಏಡ್, ಅಂದರೆ ಓದಿನ ಧನಸಹಾಯ, ನಿಲ್ಲಿಸಿದ್ದೇವೆ ಅಂತ ಕಾಲೇಜಿನಿಂದ ಇಮೇಲ್ ಬಂತು.

"ಆಂಟಿ, ಅಮ್ಮನಿಗೆ ಮಾತ್ರ ಹೇಳಬೇಡಿ" ಅಂದ.

ನಾನು ಹೇಳುವಂತೆಯೂ ಇಲ್ಲ. ಕಾಲೇಜೂ ಸಾಮಾನ್ಯವಾಗಿ ಹೇಳುವುದಿಲ್ಲ. ಇಲ್ಲಿ ಕಾಲೇಜಿಗೆ ಸೇರಿದ ಮೇಲೆ ಅಂಕಪಟ್ಟಿ ಮಕ್ಕಳ ಸ್ವತ್ತು. ಫೀಸು ಕಟ್ಟೋರು ನಾವು, ಮಾರ್ಕ್ಸ್ ಯಾಕೆ ತೋರಿಸಲ್ಲ ಅಂತ ಜಗಳಕ್ಕೆ ಬಂದ ಅಪ್ಪಂದಿರನ್ನು ನೋಡಿದ್ದೇನೆ.

ಅಮ್ಮನಿಗೆ ಆಪರೇಷನ್ ಆಗಿತ್ತು. ಅಪ್ಪನಿಗೆ ರಜೆ ಸಿಗಲಿಲ್ಲ, ಆಸ್ಪತ್ರೆಗೆ ಇವನೇ ಕರೆದುಕೊಂಡು ಹೋಗಿ ಬರುತ್ತಿದ್ದ. ರಾತ್ರಿ ವೇರ್‌ಹೌಸ್‌ನಲ್ಲಿ ಶಿಫ್ಟ್. ಕ್ಯಾಲ್ಕ್ಯುಲಸ್ ಫೇಲಾಯಿತು. ಮೊದಲ ಸೆಮಿಸ್ಟರ್ ಮುಗಿದಾಗ ಬಂದ ವಾರ್ನಿಂಗ್ ಇಮೇಲನ್ನು ತೆರೆದೇ ಇರಲಿಲ್ಲ. ಎರಡನೇ ಸೆಮಿಸ್ಟರಿನಲ್ಲಿ ಗೆಳೆಯರು "ಡಬ್ಲ್ಯು ತಗೋ, ಜಿಪಿಎ ಹಾಳಾಗಲ್ಲ" ಅಂದರು. ಡಬ್ಲ್ಯು ಅಂದರೆ ಕೋರ್ಸನ್ನು ಅರ್ಧಕ್ಕೆ ಬಿಟ್ಟಾಗ ಗ್ರೇಡಿನ ಬದಲು ಬರುವ ಗುರುತು, ಜಿಪಿಎ ಅಂದರೆ ಗ್ರೇಡುಗಳ ಸರಾಸರಿ. ಕೆಮಿಸ್ಟ್ರಿ ಸೇರಿ ಎರಡು ಕೋರ್ಸ್ ಅರ್ಧಕ್ಕೆ ಬಿಟ್ಟ.

ಜಿಪಿಎ ವಿಷಯದಲ್ಲಿ ಗೆಳೆಯರು ಹೇಳಿದ್ದು ಸರಿಯೇ. ಆದರೆ ಏಡ್ ಆಫೀಸು ಅದೊಂದನ್ನೇ ನೋಡುವುದಿಲ್ಲ. ಅಲ್ಲಿನ ನಿಯಮಕ್ಕೆ ಸ್ಯಾಪ್ (ಓದಿನಲ್ಲಿ ತೃಪ್ತಿಕರ ಪ್ರಗತಿ) ಅಂತಾರೆ. ಸಾಮಾನ್ಯವಾಗಿ ಜಿಪಿಎ 4ಕ್ಕೆ 2.0 ಇರಬೇಕು. ಪ್ರತಿ ಕೋರ್ಸಿಗೂ ಇಷ್ಟು ಕ್ರೆಡಿಟ್ ಅಂತ ತೂಕ ಇರುತ್ತದೆ; ತಗೊಂಡ ಕ್ರೆಡಿಟ್‌ಗಳಲ್ಲಿ ಶೇ. 67 ಪಾಸಾಗಿರಬೇಕು. 120 ಕ್ರೆಡಿಟ್‌ನ ಡಿಗ್ರಿಯಾದರೆ ತಗೊಂಡಿದ್ದು 180 ದಾಟಬಾರದು. ಡಬ್ಲ್ಯು ಬಂದರೂ ಆ ಕ್ರೆಡಿಟ್ "ತಗೊಂಡ" ಲೆಕ್ಕಕ್ಕೆ ಸೇರುತ್ತದೆ.

ಹಾಳೆಯ ಮೇಲೆ ಲೆಕ್ಕ ಹಾಕಿಸಿದೆ. ತಗೊಂಡಿದ್ದು 30, ಪಾಸಾಗಿದ್ದು 18. ಅಂದರೆ ಶೇ. 60. ಜಿಪಿಎ 1.8. ಮುಂದಿನ ಸೆಮಿಸ್ಟರ್ 12 ಕ್ರೆಡಿಟ್ ತಗೊಂಡು ಎಲ್ಲಾ ಪಾಸಾದರೆ 42ಕ್ಕೆ 30, ಶೇ. 71. ಸರಾಸರಿ 'ಬಿ' (ಅಂದರೆ 3.0) ಬಂದರೆ ಜಿಪಿಎಯೂ 2 ದಾಟುತ್ತದೆ. ನಾಲ್ಕು ಕ್ರೆಡಿಟ್‌ನ ಒಂದೇ ಒಂದು ಕೋರ್ಸ್ ಬಿಟ್ಟರೂ ಶೇ. 62ಕ್ಕೆ ಇಳಿಯುತ್ತದೆ. "ಇಷ್ಟೇನಾ?" ಅಂದ. ಇಷ್ಟು ದಿನ ತನ್ನ ಓದೇ ಮುಗಿದುಹೋಯಿತು ಅಂದುಕೊಂಡಿದ್ದನಂತೆ.

ಆ ಸೆಮಿಸ್ಟರಿಗೆ ಏಡ್ ಸಿಗಬೇಕಾದರೆ ಉಳಿದ ದಾರಿ ಅಪೀಲು. ಅವನು ಬರೆದು ತಂದ ಪತ್ರದಲ್ಲಿ ಕ್ಷಮೆ ನಾಲ್ಕು ಸಲ ಇತ್ತು, "ನಮ್ಮದು ಕಷ್ಟಪಟ್ಟು ಮೇಲೆ ಬಂದ ಕುಟುಂಬ" ಅಂತಲೂ ಇತ್ತು. ಆಪರೇಷನ್ ಮಾತೇ ಇಲ್ಲ. ಮನೆ ವಿಷಯ ಹೊರಗೆ ಹಾಕಬಾರದು ಅಂತ ಬಿಟ್ಟನಂತೆ. ನಮ್ಮ ಮಕ್ಕಳು ಹೆಚ್ಚಾಗಿ ಹೀಗೇ ಬರೆಯುತ್ತಾರೆ: ಕೈಮುಗಿಯುತ್ತಾರೆ, ಕಾರಣ ಹೇಳುವುದಿಲ್ಲ. ಆಫೀಸಿಗೆ ಬೇಕಿರುವುದು ಎರಡೇ ಸಂಗತಿ. ಏನಾಯಿತು, ಈಗ ಏನು ಬದಲಾಗಿದೆ.

ಕ್ಷಮೆಗಳನ್ನೆಲ್ಲ ಹೊಡೆದು ಹಾಕಿದೆವು. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಶಿಫ್ಟ್ ಪಟ್ಟಿ ಲಗತ್ತಿಸಿದೆವು. ಅಮ್ಮ ಚೇತರಿಸಿಕೊಂಡಿದ್ದಾರೆ, ರಾತ್ರಿ ಶಿಫ್ಟ್ ಬಿಟ್ಟು ಶನಿವಾರ ಮಾತ್ರ ಕೆಲಸ, ಕ್ಯಾಲ್ಕ್ಯುಲಸ್ ಮತ್ತೆ ತಗೊಂಡು ಟ್ಯೂಟರಿಂಗ್‌ಗೆ ಹೋಗುತ್ತೇನೆ ಅಂತ ಬರೆದ. ಕೆಮಿಸ್ಟ್ರಿ ಸದ್ಯಕ್ಕೆ ಬೇಡ ಅಂದೆ. ಕೋರ್ಸ್ ಪಟ್ಟಿಗೆ ಅಡ್ವೈಸರ್ ಸಹಿ ಹಾಕಿದರು.

ಡಿಸ್ಚಾರ್ಜ್ ಕಾಗದ ಅಮ್ಮನ ಬೀರುವಿನಲ್ಲಿತ್ತು. ಕೇಳಲೇಬೇಕಾಯಿತು, ಹೇಳಲೇಬೇಕಾಯಿತು. ಮರುದಿನ ಅವರೇ ಫೋನ್ ಮಾಡಿದರು: "ಮೇಡಂ, ನನ್ನಿಂದಲೇ ಆಯ್ತಲ್ಲ." ಅವರ ಜೊತೆ ಮಾತಾಡಿದ್ದೇ ಜಾಸ್ತಿ ಹೊತ್ತು.

ಅಪೀಲು ಒಪ್ಪಿಗೆಯಾಗಿ ಒಂದು ಸೆಮಿಸ್ಟರ್ ಪ್ರೊಬೇಷನ್, ಅಂದರೆ ಷರತ್ತಿನ ಮೇಲೆ ಏಡ್, ಸಿಕ್ಕಿತು. ಆಗದಿದ್ದರೆ ಅಂತಲೂ ಯೋಚಿಸಿಟ್ಟಿದ್ದೆವು. ಗಾಬರಿಯಲ್ಲಿ ಖಾಸಗಿ ಸಾಲಕ್ಕೆ ಸಹಿ ಹಾಕುವುದು ಬೇಡ, ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಕಡಿಮೆ ಖರ್ಚಿಗೆ ಒಂದೆರಡು ಕೋರ್ಸ್ ಮುಗಿಸು ಅಂದಿದ್ದೆ. ಅವನ ಕಾಲೇಜು ಆ ಕ್ರೆಡಿಟ್ ಒಪ್ಪಿಕೊಂಡರೆ ಜಿಪಿಎ ಸಾಮಾನ್ಯವಾಗಿ ಏರುವುದಿಲ್ಲ, ಆದರೆ ಪಾಸಾದ ಲೆಕ್ಕಕ್ಕೆ ಸೇರುತ್ತದೆ. ಒಪ್ಪುತ್ತಾರೆಯೇ ಅಂತ ಮೊದಲೇ ಬರಹದಲ್ಲಿ ಕೇಳಿಟ್ಟುಕೊಳ್ಳಬೇಕು.