ಸಾಕ್ಷ್ಯವನ್ನು ಎಣಿಸುವುದಲ್ಲ, ತೂಗುವುದು

ಓದುಗರ ಪತ್ರ: ಸಾಮೂಹಿಕ ಅತ್ಯಾಚಾರದ ಪ್ರಕರಣವೊಂದರಲ್ಲಿ ನಾಲ್ವರಿಗೂ ಶಿಕ್ಷೆಯಾದ ವರದಿ ಓದಿದೆ, ಕತ್ತರಿಸಿ ಲಗತ್ತಿಸಿದ್ದೇನೆ. ಡಿಎನ್‌ಎ ಹೊಂದಿದ್ದು ಒಬ್ಬನದು ಮಾತ್ರ. ಮೈಮೇಲೆ ಗಾಯವಿಲ್ಲ, ಕಣ್ಣಾರೆ ಕಂಡವರಿಲ್ಲ. ಒಬ್ಬಳ ಮಾತು ನಂಬಿ ಮಿಕ್ಕ ಮೂವರನ್ನೂ ಜೈಲಿಗೆ ಕಳಿಸುವುದು ನ್ಯಾಯವೇ?

ಸಂಪಾದಕರ ಉತ್ತರ: ನಿರಪರಾಧಿಗೆ ಶಿಕ್ಷೆಯಾಗಬಾರದೆಂಬ ನಿಮ್ಮ ಕಳಕಳಿ ಸರಿಯಾದದ್ದೇ. ಸುಳ್ಳು ದೂರೂ ಇರಬಹುದೆಂದು ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ನಿಮ್ಮ ಮೂರೂ ಆಕ್ಷೇಪಗಳ ತಳದಲ್ಲಿ ಒಂದೇ ನಂಬಿಕೆ ಕಾಣುತ್ತಿದೆ: ವಸ್ತು ನಿಜ ಹೇಳುತ್ತದೆ, ಹೆಣ್ಣು ಹೇಳಲಾರಳು. ಅದನ್ನು ನಾನು ಒಪ್ಪಲಾರೆ.

ಮೊದಲು ಆ ಮೂವರ ವಿಷಯ. ಭಾರತೀಯ ನ್ಯಾಯ ಸಂಹಿತೆಯ 70ನೇ ಕಲಂ (ಹಿಂದಿನ ದಂಡ ಸಂಹಿತೆಯ 376ಡಿ) ಪ್ರಕಾರ, ಸಾಮಾನ್ಯ ಉದ್ದೇಶದಿಂದ ಕೂಡಿದ ಗುಂಪಿನಲ್ಲಿ ಒಬ್ಬನೇ ಅತ್ಯಾಚಾರ ಎಸಗಿದರೂ ಪ್ರತಿಯೊಬ್ಬನೂ ಎಸಗಿದಂತೆಯೇ. ಕನಿಷ್ಠ ಶಿಕ್ಷೆ 20 ವರ್ಷ. ಹಾಗೆಂದು ಅಲ್ಲಿದ್ದವರನ್ನೆಲ್ಲ ಬಾಚಿ ಒಳಗೆ ಹಾಕುವ ಕಾನೂನಲ್ಲ ಇದು. ಬರೀ ಅಲ್ಲಿದ್ದ ಎಂಬುದು ಸಾಲದು, ಕೂಡಿ ನಡೆದುಕೊಂಡದ್ದಕ್ಕೆ ಆಧಾರ ಬೇಕು ಎಂದು ಹರಿಯಾಣದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹಿಂದೆಯೇ ಹೇಳಿದೆ. ಆದ್ದರಿಂದ ನ್ಯಾಯಾಧೀಶರು ಹುಡುಕುವುದು ವೀರ್ಯವನ್ನಷ್ಟೇ ಅಲ್ಲ. ವಾಹನ ತಂದವರು ಯಾರು, ಫೋನ್ ಕಸಿದವರು ಯಾರು, ಕೈಕಾಲು ಹಿಡಿದವರು ಯಾರು, ಬಾಗಿಲು ಕಾದವರು ಯಾರು? ಒಟ್ಟಿಗೆ ಬಂದು ಒಟ್ಟಿಗೆ ಹೋದರೇ? ಫೋನ್ ಕರೆಗಳ ವಿವರ, ಟವರ್ ದಾಖಲೆ, ಸಿಸಿಟಿವಿ ಉತ್ತರ ಕೊಡಬೇಕಾದದ್ದು ಇಂಥ ಪ್ರಶ್ನೆಗಳಿಗೆ.

ಇನ್ನು ಒಬ್ಬಳ ಮಾತು. ಒಂದು ಸಂಗತಿ ರುಜುವಾತಾಗಲು ಇಂತಿಷ್ಟು ಸಾಕ್ಷಿಗಳಿರಬೇಕೆಂಬ ನಿಯಮ 1872ರ ಸಾಕ್ಷ್ಯ ಕಾಯ್ದೆಯಲ್ಲೂ ಇರಲಿಲ್ಲ, ಈಗಿನ ಸಾಕ್ಷ್ಯ ಅಧಿನಿಯಮದಲ್ಲೂ ಇಲ್ಲ. ಹೊಡೆದಾಟದಲ್ಲಿ ಪೆಟ್ಟು ತಿಂದವನ ಮಾತಿಗೆ ಕೋರ್ಟು ಹೆಚ್ಚು ತೂಕ ಕೊಟ್ಟರೆ ಯಾರೂ ಹುಬ್ಬೇರಿಸುವುದಿಲ್ಲ. ಇವಳ ವಿಷಯದಲ್ಲಿ ಮಾತ್ರ ಎರಡನೆಯ ಸಾಕ್ಷಿ ಬೇಕೆನ್ನುತ್ತೇವೆ.

ಪಂಜಾಬಿನ 1984ರ ಪ್ರಕರಣ ನೋಡಿ. ಪರೀಕ್ಷೆ ಬರೆದು ಸೋದರಮಾವನ ಮನೆಗೆ ಹೊರಟ ಶಾಲಾ ಬಾಲಕಿಯನ್ನು ಮೂವರು ಕಾರಿನಲ್ಲಿ ಎಳೆದೊಯ್ದರು. ವಿಚಾರಣಾ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಕೊಟ್ಟ ಕಾರಣಗಳು: ಕಾರು ಯಾವ ಕಂಪನಿಯದೆಂದು ಅವಳಿಗೆ ಬಿಡಿಸಿ ಹೇಳಲಾಗಲಿಲ್ಲ, ದಾರಿಯಲ್ಲಿ ಕೂಗಲಿಲ್ಲ, ಮರುದಿನ ಶಿಕ್ಷಕಿಯರಿಗೆ ಹೇಳಲಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎ.ಎಸ್. ಆನಂದ್ ಬರೆದ ತೀರ್ಪು ಇದನ್ನು ತಿರುಗಿಸಿತು. ಅವಳ ಹೇಳಿಕೆ ನಂಬಿಕೆ ಹುಟ್ಟಿಸುವಂತಿದ್ದರೆ ಬೇರೆ ಪುಷ್ಟಿ ಬೇಡ, ತನಿಖಾಧಿಕಾರಿಯ ಅಸಡ್ಡೆಗಾಗಿ ಅವಳನ್ನು ಶಂಕಿಸಲಾಗದು ಎಂದಿತು. ಹನ್ನೆರಡು ವರ್ಷ ಆ ಹುಡುಗಿ ಕಾದಳು.

ಗಾಯವಿಲ್ಲವೆಂಬುದಕ್ಕೂ ಉತ್ತರವಿದೆ. ಎದುರು ಹೋರಾಡಲಿಲ್ಲ ಎಂಬ ಒಂದೇ ಕಾರಣಕ್ಕೆ ಸಮ್ಮತಿಯಿತ್ತೆಂದು ತಿಳಿಯಬಾರದು, ಇದು ಕಾನೂನಿನಲ್ಲೇ ಬರೆದಿರುವ ಮಾತು. ನಾಲ್ವರ ನಡುವೆ ಭಯದಿಂದ ಮರಗಟ್ಟಿದ ದೇಹದ ಮೇಲೆ ಪರಚಿದ ಗುರುತನ್ನು ಹುಡುಕುವುದು ಯಾವ ನ್ಯಾಯ?

ಡಿಎನ್‌ಎ ಸಿಗದಿರಲು ಕಾರಣಗಳು ಹಲವು: ಕಾಂಡೋಮ್, ಸ್ನಾನ, ಒಗೆದ ಬಟ್ಟೆ, ತಡವಾದ ದೂರು. 96 ಗಂಟೆಯೊಳಗೆ ಬಂದರೆ ಸ್ವ್ಯಾಬ್ (ಹತ್ತಿ ಸುತ್ತಿದ ಕಡ್ಡಿಯಿಂದ ದೇಹದ ಮಾದರಿ) ತೆಗೆಯಬೇಕೆಂದು ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಹೇಳುತ್ತದೆ. ಅದನ್ನು ನೆರಳಿನಲ್ಲಿ ಗಾಳಿಗೆ ಆರಿಸಿ, ಕಾಗದದ ಲಕೋಟೆಗೆ ಹಾಕಿ ಮೊಹರು ಮಾಡಬೇಕು. ಹಸಿಯಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಬೂಷ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ. ಠಾಣೆಯಲ್ಲಿ ವಾರಗಟ್ಟಲೆ ಬಿದ್ದಿದ್ದರೆ, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ದಾಖಲೆಯಲ್ಲಿ ಒಂದು ದಿನ ಕಾಣೆಯಾದರೆ, ಪಾಟೀ ಸವಾಲಿನಲ್ಲಿ ಪ್ರಯೋಗಾಲಯದ ವರದಿಯೇ ಕುಸಿಯುತ್ತದೆ. ಸಂಶಯದ ಲಾಭ ಆರೋಪಿಗೆ, ನಷ್ಟ ಅವಳಿಗೆ.

ಅವಳ ಹಿಂದಿನ ಲೈಂಗಿಕ ಜೀವನ ಕೆದಕಿ ಸಮ್ಮತಿ ಸಾಧಿಸುವುದನ್ನು ಕಾನೂನು ತಡೆದಿದೆ. ಯೋನಿಯಲ್ಲಿ ಬೆರಳಿಟ್ಟು ಲೈಂಗಿಕ ಸಂಪರ್ಕದ ರೂಢಿ ಅಳೆಯುವ ಎರಡು ಬೆರಳಿನ ಪರೀಕ್ಷೆ ಮಾಡಿದವರು ದುರ್ನಡತೆಯ ತಪ್ಪಿತಸ್ಥರೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಖಡಾಖಂಡಿತವಾಗಿ ಹೇಳಿತು. ಮುಚ್ಚಿದ ಬಾಗಿಲ ಹಿಂದೆಯೂ ಕೇಳದಂತೆ ಕೋರ್ಟು ತಡೆದ ಪ್ರಶ್ನೆಗಳನ್ನು ನಮ್ಮ ಪತ್ರಿಕೆಗಳು ಮುಖಪುಟದಲ್ಲಿ ಕೇಳುತ್ತಿವೆ. ನೀವು ಲಗತ್ತಿಸಿದ ವರದಿಯನ್ನು ಎರಡು ಸಲ ಓದಿದೆ. ಅಷ್ಟು ಹೊತ್ತಿನಲ್ಲಿ ಅವಳು ಅಲ್ಲೇಕಿದ್ದಳು ಎಂಬುದಕ್ಕೆ ಎರಡು ಪ್ಯಾರಾ ಇದೆ. ಆ ಮೂವರು ಏನು ಮಾಡುತ್ತಿದ್ದರು ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ.