ಅಜ್ಜನ ಕ್ಯಾಸೆಟ್ ಕೇಳೋಕೆ ಯಾವ ಸೆಟ್ ತಗೊಳ್ಳಲಿ: ಹೊಸ ವಾಕ್‌ಮನ್ನೋ, ಹಳೇ ಟು-ಇನ್-ವನ್ನೋ?

ಅಜ್ಜನ ಮನೆಯ ಅಟ್ಟದಲ್ಲಿ ಒಂದು ಡಬ್ಬಿ ಕ್ಯಾಸೆಟ್ ಸಿಕ್ಕಿವೆ, ಕೆಲವು ಅಂಗಡಿಯವು, ಕೆಲವು ಮನೆಯಲ್ಲೇ ತುಂಬಿಸಿದವು ಅಂತ ಬರೆದಿದ್ದೀರಿ. ಕೈಯಲ್ಲಿ ಹಿಡಿದು ಓಡಾಡುವಂಥ ಪ್ಲೇಯರ್ ಬೇಕು, ಅದರಲ್ಲಿ ರೇಡಿಯೋನೂ ಇರಬೇಕು. ಆನ್‌ಲೈನ್‌ನಲ್ಲಿ ಹೊಸದು ತರಿಸಲಾ, ಹುಬ್ಬಳ್ಳಿಯಲ್ಲಿ ಹಳೇದು ಹುಡುಕಲಾ ಅನ್ನೋದು ನಿಮ್ಮ ಪ್ರಶ್ನೆ.

ನಾನು ಎರಡೂ ಮಾಡಿ ನೋಡಿದ್ದೇನೆ. ಹಳೇ ಟು-ಇನ್-ವನ್, ಅಂದರೆ ರೇಡಿಯೋ, ಕ್ಯಾಸೆಟ್ ಎರಡೂ ಇರುವ ಸೆಟ್ ತಗೊಳ್ಳಿ. ಅದೂ ರಿಪೇರಿ ಮಾಡುವವರ ಕೈಯಿಂದಲೇ ತಗೊಳ್ಳಿ. ಯಾಕೆ ಅಂತ ಹೇಳುತ್ತೇನೆ.

ಮೂರು ವರ್ಷದ ಹಿಂದೆ ಅವ್ವನಿಗೆ ಅಂತ ಒಂದು ಹೊಸ ಪ್ಲೇಯರ್ ತರಿಸಿದ್ದೆ. ಎರಡು ಪೆನ್ಸಿಲ್ ಸೆಲ್ ಹಾಕಿದರೆ ಸಾಕು, ಅಂಗೈಗಿಂತ ಚೂರು ದೊಡ್ಡದು, ನೋಡೋಕೆ ಚೆಂದ. ಡಬ್ಬಿ ಮೇಲೆ ‘ರೇಡಿಯೋ’ ಅಂತ ದೊಡ್ಡ ಅಕ್ಷರದಲ್ಲಿ ಇತ್ತು. ಅವ್ವ ಕ್ಯಾಸೆಟ್ ಕಡೆ ನೋಡಲೇ ಇಲ್ಲ. ಮೊದಲು ರೇಡಿಯೋ ಹಚ್ಚಿದಳು. ಐದು ನಿಮಿಷ ತಿರುಗಿಸಿ, ತಿರುಗಿಸಿ, ಕೆಳಗಿಟ್ಟಳು. “ಇದರಾಗ ನಮ್ಮ ಧಾರವಾಡ ಸ್ಟೇಷನ್ ಹತ್ತವಲ್ದಲ್ಲೋ” ಅಂದಳು.

ಅದರಲ್ಲಿ ಇದ್ದದ್ದು ಬರೀ ಎಫ್‌ಎಂ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ನಮ್ಮ ಮನೆಯಲ್ಲಿ ಅದನ್ನು ಕೇಳಿಕೊಂಡು ಬಂದಿರುವುದು ಮೀಡಿಯಂ ವೇವ್‌ನಲ್ಲಿ, 765 ಕಿಲೋಹರ್ಟ್ಸ್‌ನಲ್ಲಿ. ಅವ್ವನಿಗೆ ಆ ನಂಬರ್ ಗೊತ್ತಿಲ್ಲ. ಮುಳ್ಳು ಎಲ್ಲಿ ನಿಲ್ಲಬೇಕು ಅನ್ನೋದು ಗೊತ್ತು. ಹಾಗಾಗಿ ಮನೆಯಲ್ಲಿ ಹಿರಿಯರಿದ್ದರೆ ಮೊದಲು ಮೀಡಿಯಂ ವೇವ್ ಇದೆಯಾ ನೋಡಿ. ಕೆಲವದರ ಮೇಲೆ ‘ಎಎಂ’ ಅಂತ ಬರೆದಿರುತ್ತೆ, ಅದೇ ಇದು.

ಇನ್ನೊಂದು ಮೋಸ ಇದೆ, ಇದನ್ನು ಯಾರೂ ಹೇಳಲ್ಲ. ನಮ್ಮಲ್ಲಿ ಮೀಡಿಯಂ ವೇವ್ ಸ್ಟೇಷನ್‌ಗಳ ನಡುವೆ 9 ಕಿಲೋಹರ್ಟ್ಸ್ ಅಂತರ. ಅಮೆರಿಕದಲ್ಲಿ 10. ಅಲ್ಲಿಗೆ ಅಂತ ಮಾಡಿದ ಬಟನ್ ಒತ್ತುವ ಡಿಜಿಟಲ್ ರೇಡಿಯೋ 760ಕ್ಕೆ ನಿಲ್ಲುತ್ತೆ, ಆಮೇಲೆ 770ಕ್ಕೆ ಜಿಗಿಯುತ್ತೆ. 765 ನಡುವೆ ಉಳಿದುಹೋಗುತ್ತೆ. ಕೆಲವು ಸೆಟ್‌ಗಳಲ್ಲಿ 9ಕ್ಕೆ ಬದಲಿಸಿಕೊಳ್ಳಲು ಸ್ವಿಚ್ ಇರುತ್ತೆ, ಕೆಲವದರಲ್ಲಿ ಇರಲ್ಲ. ಕೈಯಿಂದ ತಿರುಗಿಸುವ ಮುಳ್ಳಿನ ಸೆಟ್‌ಗೆ ಈ ತಾಪತ್ರಯವೇ ಇಲ್ಲ. ಜಪಾನಿನ ಹಳೇ ವಾಕ್‌ಮನ್ ಅಂತ ಆನ್‌ಲೈನ್‌ನಲ್ಲಿ ಆಸೆ ಹುಟ್ಟಿಸುತ್ತಾರಲ್ಲ, ಅದರದ್ದು ಬೇರೆ ಕಥೆ. ಜಪಾನಿಗೇ ಅಂತ ಮಾಡಿದ ಸುಮಾರು ಹಳೇ ಸೆಟ್‌ಗಳ ಎಫ್‌ಎಂ 76ರಿಂದ 90 ಮೆಗಾಹರ್ಟ್ಸ್‌ಗೆ ಮುಗಿದುಬಿಡುತ್ತೆ. ನಮ್ಮದು 88ರಿಂದ 108. ಅದರ ಅಡಾಪ್ಟರ್ 100 ವೋಲ್ಟಿನದು, ನಮ್ಮ ಗೋಡೆಯ ಪ್ಲಗ್‌ನಲ್ಲಿ ಬರೋದು 230. ಸಿಕ್ಕಿಸಿದರೆ ಹೊಗೆ ಬರುತ್ತೆ.

ರೇಡಿಯೋ ಸಿಗದಿದ್ದರೂ ಹೋಗಲಿ, ಕ್ಯಾಸೆಟ್ ಆದರೂ ಕೇಳೋಣ ಅಂತ ಅಜ್ಜಿಯ ಕ್ಯಾಸೆಟ್ ಹಾಕಿದೆ. ಅದೇ ನನ್ನ ದೊಡ್ಡ ತಪ್ಪು. ಅಜ್ಜಿ ನವಲಗುಂದ ಕಡೆಯವಳು. ಸೋಬಾನೆ ಪದ, ಬೀಸುವ ಪದ ಹಾಡುತ್ತಿದ್ದಳು. ಮಾವ ಒಮ್ಮೆ ಅವಳನ್ನು ಕೂರಿಸಿ ಒಂದು ಸಿ-90, ಅಂದರೆ 90 ನಿಮಿಷದ ಕ್ಯಾಸೆಟ್ ಪೂರ್ತಿ ತುಂಬಿಸಿದ್ದ. ಇನ್ನೊಂದು ಕಾಪಿ ಎಲ್ಲೂ ಇರಲಿಲ್ಲ. ಎರಡು ನಿಮಿಷ ಹಾಡು ಸರಿಯಾಗಿ ಬಂತು. ಆಮೇಲೆ ಅಜ್ಜಿಯ ದನಿ ತೂಕಡಿಸಿದಂತಾಯಿತು, ಗಂಡಸಿನ ದನಿಯಾಯಿತು, ನಿಂತಿತು. ಮುಚ್ಚಳ ತೆರೆದರೆ ಕ್ಯಾಸೆಟ್ ಹೊರಗೆ ಬರ್ತಾನೇ ಇಲ್ಲ. ಕಂದು ಬಣ್ಣದ ರೀಲು ಒಳಗಿನ ಚಿಕ್ಕ ರಬ್ಬರ್ ಗಾಲಿಗೆ ಸುತ್ತಿಕೊಂಡು, ಅಕಾರ್ಡಿಯನ್ ಥರ ಮಡಿಕೆ ಮಡಿಕೆ ಆಗಿತ್ತು. ಅದರ ಅಗಲವೇ 4 ಮಿಲಿಮೀಟರ್‌ಗಿಂತ ಕಡಿಮೆ. ಬಿಡಿಸುವಾಗ ಒಂದು ಕಡೆ ಕಿತ್ತೇ ಹೋಯಿತು.

ಆ ಕ್ಯಾಸೆಟ್ ಹಿಡಿದುಕೊಂಡು ಹುಬ್ಬಳ್ಳಿಗೆ ಹೋದೆ. ದುರ್ಗದಬೈಲ್ ಹತ್ತಿರದ ಒಂದು ಗಲ್ಲಿಯಲ್ಲಿ ಹಳೇ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರಿದ್ದರು. ಅವರು ಕ್ಯಾಸೆಟ್ ನೋಡಲಿಲ್ಲ, ಮೊದಲು ಪ್ಲೇಯರ್ ಕೈಗೆ ತಗೊಂಡರು. ಮುಚ್ಚಳ ತೆರೆದು, ಖಾಲಿ ಸೆಟ್ಟನ್ನೇ ಪ್ಲೇ ಮಾಡಿ, ಸುತ್ತುವ ಗಾಲಿಯ ಮೇಲೆ ಬೆರಳು ಇಟ್ಟರು. ಅದು ನಿಂತೇ ಹೋಯಿತು.

“ನೋಡ್ರಿ ಸರ, ಇದು ಮುಂದ ತಳ್ಳತೈತಿ, ಆದ್ರ ಹಿಂದ ಸುತ್ತಿಕೊಳ್ಳೂದಿಲ್ಲ. ರೀಲ್ ಎಲ್ಲಿ ಹೋಗಬೇಕು?”

ಇಷ್ಟೇ ವಿಷಯ. ತೆಳ್ಳನೆಯ ಉಕ್ಕಿನ ಕಡ್ಡಿ ಒಂದಿರುತ್ತೆ, ಅದಕ್ಕೆ ರಬ್ಬರ್ ಗಾಲಿ ಒತ್ತಿಕೊಂಡಿರುತ್ತೆ. ಇವೆರಡೂ ಸೇರಿ ರೀಲನ್ನು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಎಳೆಯುತ್ತವೆ. ಎಳೆದದ್ದನ್ನು ಆ ಕಡೆಯ ಚಕ್ರ ಅಷ್ಟೇ ಬೇಗ ಸುತ್ತಿಕೊಳ್ಳಬೇಕು. ಅದು ಸೋತರೆ ರೀಲು ಸಡಿಲ ಬಿದ್ದು, ಸಿಕ್ಕ ಕಡೆ ನುಗ್ಗುತ್ತೆ. ಹಳೇ ಸೆಟ್‌ಗಳಲ್ಲೂ ಇದೇ ರೋಗ ಬರುತ್ತೆ, ಬೆಲ್ಟ್ ಸಡಿಲಾಗಿ. ಆದರೆ ಅಲ್ಲಿ ಬೆಲ್ಟ್ ಬದಲಿಸಿದರೆ ಸರಿಹೋಗುತ್ತೆ. ನನ್ನ ಹೊಸ ಪ್ಲೇಯರ್ ಬಿಚ್ಚಿ ನೋಡಿ ಅವರು ನಕ್ಕರು. ಒಳಗೆ ಎಲ್ಲಾ ಪ್ಲಾಸ್ಟಿಕ್, ವೇಗ ಸಮ ಇಡುವ ಫ್ಲೈವೀಲ್ ಕೂಡ ಬಿಲ್ಲೆಯಷ್ಟು ಹಗುರ. ಫ್ಲೈವೀಲ್ ಹಗುರಾದಷ್ಟೂ ಹಾಡು ಅಲುಗಾಡುತ್ತೆ. ತಂಬೂರಿ ಶ್ರುತಿ ಕೇಳಿದರೆ ತಕ್ಷಣ ಗೊತ್ತಾಗುತ್ತೆ. ಮಲ್ಲಿಕಾರ್ಜುನ ಮನಸೂರರನ್ನು ಕೇಳಿ ಬೆಳೆದ ಊರಲ್ಲಿ ಅಲುಗಾಡುವ ಷಡ್ಜ ಯಾರಿಗೆ ಬೇಕು?

ಅವರ ಹತ್ತಿರವೇ ಒಂದು ಹಳೇ ಟು-ಇನ್-ವನ್ ತಗೊಂಡೆ. ನಾಲ್ಕು ದೊಡ್ಡ ಸೆಲ್‌ನದು, ಮೇಲೆ ಹಿಡಿಕೆ, ಒಂದೇ ಸ್ಪೀಕರ್. ಎದುರಿಗೇ ಬಿಚ್ಚಿದರು. ಹಳೇ ಬೆಲ್ಟ್ ಡಾಂಬರಿನಂತೆ ಕರಗಿ ಅಂಟಿಕೊಂಡಿತ್ತು. ಅದನ್ನೆಲ್ಲ ಸ್ಪಿರಿಟ್‌ನಿಂದ ಒರೆಸಿ, ಹೊಸ ಬೆಲ್ಟ್ ಹಾಕಿದರು. ರೀಲಿನಿಂದ ಹಾಡು ಓದುವ ಹೆಡ್‌ಗೆ ಹತ್ತಿ ಸುತ್ತಿದ ಕಡ್ಡಿ ಉಜ್ಜಿದರೆ ಹತ್ತಿ ಚಹಾ ಬಣ್ಣಕ್ಕೆ ತಿರುಗಿತು. ಕಿತ್ತುಹೋದ ರೀಲನ್ನೂ ಜೋಡಿಸಿಕೊಟ್ಟರು: ತುದಿಗಳನ್ನು ಓರೆಯಾಗಿ ಕತ್ತರಿಸಿ, ಹೆಡ್‌ಗೆ ತಾಗದ ಬದಿಗೆ ಮಾತ್ರ ಅದಕ್ಕೇ ಅಂತ ಇರುವ ಟೇಪ್ ಅಂಟಿಸಿ. ಮನೆಯಲ್ಲಿರುವ ಸೆಲ್ಲೋ ಟೇಪ್ ಅಂಟಿಸಬೇಡಿ, ಅದರ ಗೋಂದು ಸೋರಿ ಪಕ್ಕದ ಸುತ್ತಿಗೂ ಹತ್ತುತ್ತೆ. ಅಜ್ಜಿಯ ಹಾಡಿನಲ್ಲಿ ಈಗ ಒಂದು ಶಬ್ದ ಮಾತ್ರ ಕಾಣೆಯಾಗಿದೆ, ಉಳಿದದ್ದೆಲ್ಲ ಇದೆ.

ಎಲ್ಲಾ ಸೇರಿ 1,800 ರೂಪಾಯಿ ಆಯಿತು. ಹೊಸದಕ್ಕೆ ಕೊಟ್ಟದ್ದಕ್ಕಿಂತ ಕಡಿಮೆ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಧಾರವಾಡಕ್ಕೆ ಬಂದೆ. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗ ಇದೇನು ಅಂತ ಕೇಳಿ, ಮುಚ್ಚಳ ತೆರೆದು ಮುಚ್ಚಿ ಆಡಿದ.

ನೀವು ಅಂಗಡಿಗೆ ಹೋಗುವಾಗ ಹಾಳಾದರೂ ಪರವಾಗಿಲ್ಲ ಅನ್ನುವ ಒಂದು ಕ್ಯಾಸೆಟ್ ಜೇಬಲ್ಲಿ ಇರಲಿ. ಅಲ್ಲೇ ಹಾಕಿ ಕನಿಷ್ಠ ಹತ್ತು ನಿಮಿಷ ಕೇಳಿ. ರೀಲು ತುಂಬಿದ ಕಡೆಯಿಂದಲೂ ಕೇಳಿ, ಮುಗಿಯುವ ಕಡೆಯಿಂದಲೂ ಕೇಳಿ. ರಿವೈಂಡ್ ಒತ್ತಿದಾಗ ತುದಿ ತನಕ ಒಂದೇ ಸಮ ಓಡಬೇಕು. ಸೆಲ್ ಇಡುವ ಜಾಗದಲ್ಲಿ ಹಸಿರು, ಬಿಳಿ ಪುಡಿ ಕಂಡರೆ ಹಳೇ ಸೆಲ್ ಸೋರಿದೆ ಅಂತ. ಸ್ಪ್ರಿಂಗ್ ಮೇಲೆ ಮಾತ್ರ ಇದ್ದರೆ ಕೆರೆದು ತೆಗೆಯಬಹುದು, ಒಳಗೆ ಇಳಿದಿದ್ದರೆ ಬಿಟ್ಟುಬಿಡಿ. ವಾಲ್ಯೂಮ್ ತಿರುಗಿಸುವಾಗ ಬರುವ ಗರಗರ ದೊಡ್ಡ ವಿಷಯವಲ್ಲ.

ಮನೆಗೆ ತಂದ ಮೇಲೆ ರೇಡಿಯೋ ಸರಿಯಾಗಿ ಬರ್ತಿಲ್ಲ ಅಂತ ಏರಿಯಲ್ ಎಳೆದು ಎಳೆದು ಮುರಿಯಬೇಡಿ. ಆ ಕಡ್ಡಿ ಎಫ್‌ಎಂಗೆ. ಮೀಡಿಯಂ ವೇವ್ ಹಿಡಿಯೋದು ಒಳಗಿರುವ ಫೆರೈಟ್ ಕೋಲು, ಅದಕ್ಕೆ ದಿಕ್ಕು ಮುಖ್ಯ. ಸೆಟ್ಟನ್ನೇ ನಿಧಾನಕ್ಕೆ ತಿರುಗಿಸುತ್ತಾ ಹೋಗಿ, ಒಂದು ಕಡೆ ದನಿ ತೆರೆದುಕೊಳ್ಳುತ್ತೆ. ಆಮೇಲೂ ಗುಂಯ್ ಅಂತಿದ್ದರೆ ಮೊಬೈಲ್ ಚಾರ್ಜರ್ ತೆಗೆಯಿರಿ, ಎಲ್‌ಇಡಿ ಬಲ್ಬ್ ಆರಿಸಿ. ನಮ್ಮಲ್ಲಿ ಅಡುಗೆಮನೆಯ ಬಲ್ಬೇ ಅಪರಾಧಿ ಆಗಿತ್ತು.

ಇನ್ನು ಅಜ್ಜನ ಡಬ್ಬಿ. ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಕ್ಯಾಸೆಟ್‌ನ ಬೆನ್ನ ಕಡೆ, ಎರಡು ಮೂಲೆಗಳಲ್ಲಿ ಪುಟ್ಟ ಪ್ಲಾಸ್ಟಿಕ್ ತುಣುಕು ಇರುತ್ತವೆ. ಮನೆಯಲ್ಲಿ ತುಂಬಿಸಿದ ಕ್ಯಾಸೆಟ್‌ಗಳಲ್ಲಿ ಅವನ್ನು ಮುರಿದುಹಾಕಿ. ಆಗ ಯಾರಾದರೂ ಗೊತ್ತಿಲ್ಲದೆ ಕೆಂಪು ಬಟನ್ ಒತ್ತಿದರೂ ರೆಕಾರ್ಡ್ ಆಗಲ್ಲ. ಆಮೇಲೆ ಕ್ಯಾಸೆಟ್‌ನ ಕಿಟಕಿಯಿಂದ ರೀಲಿನ ಅಂಚು ನೋಡಿ. ಧಾರವಾಡದ ಮಳೆಗಾಲ ನಿಮಗೆ ಗೊತ್ತಲ್ವಾ, ಬೀರುವಿನಲ್ಲಿದ್ದ ಚಪ್ಪಲಿಗೇ ಬೂಷ್ಟು ಬರುತ್ತೆ. ಬಿಳಿ ಪುಡಿ ಕಂಡ ಕ್ಯಾಸೆಟ್ ಬೇರೆ ಇಡಿ. ಅದನ್ನು ಹಾಕಿದರೆ ಬೂಷ್ಟು ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್‌ಗೂ ಹೋಗುತ್ತೆ. ಬಿಸಿಲಿಗೆ ಒಣಗಿಸಬೇಡಿ, ಚಿಪ್ಪು ಸೊಟ್ಟಗಾಗುತ್ತೆ.

ಚೆನ್ನಾಗಿರುವುದನ್ನೂ ನೇರ ಪ್ಲೇ ಮಾಡಬೇಡಿ. ವರ್ಷಗಟ್ಟಲೆ ಒಂದೇ ಕಡೆ ಬಿಗಿದು ಕೂತಿರುತ್ತೆ. ಮೊದಲು ಆರು ಮೂಲೆಯ ಪೆನ್ಸಿಲ್ ತೂರಿಸಿ ನಾಲ್ಕು ಸುತ್ತು ಕೈಯಲ್ಲೇ ತಿರುಗಿಸಿ. ಸಲೀಸಾಗಿ ತಿರುಗಿದರೆ ಸೆಟ್‌ಗೆ ಹಾಕಿ, ಪೂರ್ತಿ ಮುಂದಕ್ಕೆ ಓಡಿಸಿ, ಪೂರ್ತಿ ಹಿಂದಕ್ಕೆ ಓಡಿಸಿ, ಆಮೇಲೆ ಕೇಳಿ. ಸಿ-120 ಇದ್ದರೆ ಇನ್ನೂ ಹುಷಾರು. ಒಂದೇ ಚಿಪ್ಪಿನಲ್ಲಿ ಅಷ್ಟುದ್ದ ರೀಲು ಹಿಡಿಸೋಕೆ ಅದನ್ನು ತುಂಬಾ ತೆಳ್ಳಗೆ ಮಾಡಿರುತ್ತಾರೆ.

ಮನೆಯಲ್ಲಿ ತುಂಬಿಸಿದ್ದನ್ನು ಮೊದಲ ಸಲ ಕೇಳುವಾಗಲೇ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಿ. ಇಯರ್‌ಫೋನ್ ಕಿಂಡಿಯಿಂದ ಲ್ಯಾಪ್‌ಟಾಪ್‌ನ ಮೈಕ್ ಕಿಂಡಿಗೆ ಒಂದು ವೈರ್, ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್, ವಾಲ್ಯೂಮ್ ಅರ್ಧಕ್ಕಿಂತ ಕಡಿಮೆ. ಸಿ-90ರ ಒಂದು ಬದಿಗೆ 45 ನಿಮಿಷ ಹಿಡಿಯುತ್ತೆ, ಬೇಗ ಮುಗಿಸುವ ದಾರಿ ಇಲ್ಲ. ಸುಮ್ನೆ ಕೂತು ಕೇಳಬೇಕು. ಅಜ್ಜಿಯ ಕ್ಯಾಸೆಟ್ ಇಳಿಸುವಾಗ ಅವ್ವ ಪಕ್ಕದಲ್ಲೇ ಮೆಂತ್ಯ ಸೋಸುತ್ತಾ ಕೂತಿದ್ದಳು. ಹಾಡಿನ ಹಿಂದೆ ಬಾಗಿಲು ಕಿರುಗುಟ್ಟಿದ ಸದ್ದಿಗೆ ತಲೆ ಎತ್ತಿ, “ಅದು ಹಿತ್ತಲ ಬಾಗಲಾ” ಅಂದಳು.

ಸೆಟ್ ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ತೆಗೆದಿಡಿ. ಹುಬ್ಬಳ್ಳಿಗೆ ಹೋಗುವ ದಿನ ಭಾನುವಾರ ಬೇಡ, ಆ ಗಲ್ಲಿಯಲ್ಲಿ ಅವತ್ತು ಅರ್ಧ ಅಂಗಡಿ ಮುಚ್ಚಿರುತ್ತವೆ.